ಬದನವಾಳು: ಜಾತಿ ಹಿಂಸೆ ಮತ್ತು ದಲಿತ ಸಮುದಾಯದ ಪ್ರತಿರೋಧ

ಬದನವಾಳು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಒಂದು ಗ್ರಾಮ. ಆಧುನಿಕ ಕರ್ನಾಟಕದ ಚರಿತ್ರೆಯಲ್ಲಿ ಈ ಊರಿನ ಹೆಸರು ಎರಡು ಕಾರಣಗಳಿಗೆ ಉಳಿದಿದೆ. ಒಂದು, 1927ರಲ್ಲಿ ಗಾಂಧೀಜಿ ಭೇಟಿ ಕೊಟ್ಟ ಇಲ್ಲಿನ ಖಾದಿ ಕೇಂದ್ರ. ಇನ್ನೊಂದು, ದೇವಸ್ಥಾನ ಪ್ರವೇಶದ ತಕರಾರಿನ ಬೆನ್ನಿಗೆ 1993ರ ಮಾರ್ಚ್ 25ರಂದು ನಡೆದ ಮೂವರು ದಲಿತರ ಕೊಲೆ. ಕೊಲೆಯ ನಂತರ ಊರಿನ ಎರಡು ಸಮುದಾಯಗಳ ಬೀದಿಗಳನ್ನು ಕೂಡಿಸುತ್ತಿದ್ದ ದಾರಿ ಮುಚ್ಚಿತು. ಅದು ಮತ್ತೆ ತೆರೆದದ್ದು 29 ವರ್ಷಗಳ ಮೇಲೆ, 2022ರ ಗಾಂಧಿ ಜಯಂತಿಯಂದು. ಬದನವಾಳಿನ ಪ್ರಕರಣ, ಕರ್ನಾಟಕದಲ್ಲಿ ದಲಿತರ ಮೇಲೆ ನಡೆದ ಇಂಥ ದಾಳಿಗಳು ಮತ್ತು ಅವುಗಳಿಗೆ ಸಮುದಾಯ ಸಂಘಟನೆ, ಸಾಹಿತ್ಯ, ಕಾನೂನುಗಳ ಮೂಲಕ ಕೊಟ್ಟ ಉತ್ತರ ಈ ಲೇಖನದ ವಿಷಯ.

ನೆಲ ಮತ್ತು ಜನ

ಕಪಿಲಾ ನದಿಯ ದಂಡೆಯ ನಂಜನಗೂಡು, ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರ, ಇವೆರಡೂ ದೇವಸ್ಥಾನಗಳ ಸೀಮೆ. ಶ್ರೀಕಂಠೇಶ್ವರನ ತೇರು, ತಲಕಾಡಿನ ಪಂಚಲಿಂಗ ದರ್ಶನ, ಸುತ್ತೂರಿನ ಜಾತ್ರೆ ಇಲ್ಲಿನ ಕಾಲದ ಲೆಕ್ಕವನ್ನೇ ಹಿಡಿದಿಡುತ್ತವೆ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಅಗ್ರಹಾರವೊಂದನ್ನು ಮಾಡಿ, ಅದರೊಳಗೆ ಕೇಶವ ದೇವಾಲಯ ಕಟ್ಟಿಸಿದ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಯಲ್ಲಿ ಈಗ ನಿತ್ಯಪೂಜೆ ಇಲ್ಲ. ಪುರಾತತ್ವ ಇಲಾಖೆಯ ಟಿಕೆಟ್ ಹಿಡಿದವರು ಯಾರೇ ಆಗಲಿ, ಗರ್ಭಗುಡಿಯ ಬಾಗಿಲವರೆಗೂ ಹೋಗಬಹುದು. ಒಂದು ಕಾಲದ ಅಗ್ರಹಾರದ ಗುಡಿಯಲ್ಲಿ ಜಾತಿ ಕೇಳುವವರಿಲ್ಲ. ಅದೇ ಸೀಮೆಯ ಹಳ್ಳಿಗಳಲ್ಲಿ, ದಿನವೂ ದೀಪ ಹಚ್ಚುವ ಸಣ್ಣ ಗುಡಿಗಳ ಹೊಸ್ತಿಲಲ್ಲಿ ಆ ಪ್ರಶ್ನೆ ಇನ್ನೂ ಏಳುತ್ತದೆ.

ಈ ಭಾಗದ ಹಳ್ಳಿಗಳಲ್ಲಿ 'ಊರು' ಎಂದರೆ ಮೇಲುಜಾತಿಯವರ ಬೀದಿಗಳು. ದಲಿತರು ಇರುವುದು 'ಕೇರಿ'ಯಲ್ಲಿ. ಊರಿಗೆ ಹೋಗಿ ಬಂದೆ ಎಂದು ಕೇರಿಯವರು ಹೇಳುವಾಗ ತಾವು ಊರಿನ ಹೊರಗಿನವರು ಎಂಬ ಮಾತೂ ಅದರೊಳಗೇ ಸೇರಿರುತ್ತದೆ. ಊರಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು, ಹೋಟೆಲಿನಲ್ಲಿ ಬೇರೆ ಲೋಟ, ಕ್ಷೌರದಂಗಡಿಯಲ್ಲಿ ಪ್ರವೇಶವಿಲ್ಲದಿರುವುದು, ಹಬ್ಬಕ್ಕೆ ತಮಟೆ ಬಡಿಯಲು ಕರೆ ಬಂದರೂ ತೇರಿನ ಹಗ್ಗ ಮುಟ್ಟಲು ಕರೆ ಬಾರದಿರುವುದು, ಇವೆಲ್ಲ ಹಿರಿಯ ತಲೆಮಾರು ಕಂಡು ಉಂಡ ಕಟ್ಟಳೆಗಳು. ಕೆಲವು ಹೋಗಿವೆ, ಕೆಲವು ವೇಷ ಬದಲಿಸಿವೆ.

ಇದೇ ಸೀಮೆಯಲ್ಲಿ ಬೇರೊಂದು ಧಾರೆಯೂ ಹರಿದಿದೆ. ಮಂಟೇಸ್ವಾಮಿ, ಸಿದ್ಧಪ್ಪಾಜಿ, ಮಲೆ ಮಹದೇಶ್ವರರ ಪರಂಪರೆಯಲ್ಲಿ ನೀಲಗಾರರು, ದೇವರಗುಡ್ಡರು ಜಾತಿಯ ಗೆರೆ ದಾಟಿ ಒಕ್ಕಲುಗಳನ್ನು ಪಡೆದವರು. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಹಲವು ಜಾತಿಯವರು ಅಕ್ಕಪಕ್ಕ ಒಲೆ ಹೂಡಿ ಅಡುಗೆ ಮಾಡಿ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಜಾತ್ರೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತವರು ಊರಿಗೆ ಮರಳಿದ ಮೇಲೆ ಬೇರೆ ಬೇರೆ ಲೋಟಕ್ಕೆ ಒಗ್ಗಿಕೊಳ್ಳುವುದು ಈ ನೆಲದ ಹಳೆಯ ವಿರೋಧಾಭಾಸ.

ಚಾರಿತ್ರಿಕ ಹಿನ್ನೆಲೆ

ಜಾತಿ ಮೀರಿದವರಿಗೆ ದಂಡನೆ ಎಂಬ ನೆನಪು ಕನ್ನಡ ನಾಡಿನಲ್ಲಿ 12ನೆಯ ಶತಮಾನದ ಕಲ್ಯಾಣದಷ್ಟು ಹಳೆಯದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ.

ಮೈಸೂರು ಸಂಸ್ಥಾನದಲ್ಲಿ 20ನೆಯ ಶತಮಾನದ ಮೊದಲ ದಶಕಗಳು ಸುಧಾರಣೆಯ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆಯುವ ದಾರಿ ತೋರಿತು. ನಂಜನಗೂಡು ತಾಲ್ಲೂಕಿನಲ್ಲಿ ಗಾಂಧಿ ಮಾರ್ಗದ ಕೆಲಸಕ್ಕೆ ಬೀಜ ಬಿತ್ತಿದವರು ತಗಡೂರು ರಾಮಚಂದ್ರರಾಯರು. ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆ ಅವರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ. ತಗಡೂರು, ಬದನವಾಳುಗಳಲ್ಲಿ ರಾಟೆ ತಿರುಗಿದ್ದು ಈ ಕಾಲದಲ್ಲಿ. ಗಾಂಧೀಜಿ ಬದನವಾಳಿಗೆ ಬಂದ 1927ರಲ್ಲೇ, ಮಾರ್ಚ್ 20ರಂದು, ಕೊಂಕಣದ ಮಹಾಡ್‌ನಲ್ಲಿ ಅಂಬೇಡ್ಕರ್ ಸಾವಿರಾರು ಜನರೊಡನೆ ಚವದಾರ್ ಕೆರೆಗೆ ಇಳಿದು ನೀರು ಕುಡಿದಿದ್ದರು. ಅಸ್ಪೃಶ್ಯತೆಯನ್ನು ಎದುರಿಸುವ ಎರಡು ದಾರಿಗಳು ಒಂದೇ ವರ್ಷ ಸ್ಪಷ್ಟವಾಗಿ ಕಂಡವು: ಮೇಲುಜಾತಿಯವರ ಮನಸ್ಸು ಬದಲಿಸುವುದು ಒಂದು, ಹಕ್ಕೆಂದು ನಡೆದುಕೊಂಡೇ ಹೋಗುವುದು ಇನ್ನೊಂದು. ಬದನವಾಳು ಮೊದಲನೆಯದಕ್ಕೆ ಹೆಸರಾದ ಊರು. ಆರು ದಶಕಗಳ ಮೇಲೆ ಅಲ್ಲಿನ ದಲಿತರು ಎರಡನೆಯದನ್ನು ಹಿಡಿದಾಗ ರಕ್ತ ಹರಿಯಿತು.

ಸ್ವಾತಂತ್ರ್ಯದ ಹೊತ್ತಿಗೆ ದೇವಾಲಯ ಪ್ರವೇಶಕ್ಕೆ ಶಾಸನದ ಬಲ ಬಂತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟರು. ಕಾನೂನಿನ ಪುಸ್ತಕದಲ್ಲಿ ಗುಡಿಯ ಬಾಗಿಲು ತೆರೆದು ನಾಲ್ಕು ದಶಕ ಕಳೆದರೂ ಹಳ್ಳಿಯಲ್ಲಿ ಬೀಗದ ಕೈ ಯಜಮಾನರ ಸೊಂಟದಲ್ಲೇ ಇತ್ತು.

1993ರ ಕೊಲೆಗಳು

ಬದನವಾಳಿನ ತಕರಾರು ಊರಿನ ಸಿದ್ಧೇಶ್ವರ ದೇವಸ್ಥಾನದ ಸುತ್ತ ಬೆಳೆಯಿತು. ದಲಿತರು ಗುಡಿಯೊಳಗೆ ಹೋಗಿ ಪೂಜೆ ಸಲ್ಲಿಸುವ ಹಕ್ಕು ಕೇಳಿದರು. ಊರಿನ ಪ್ರಬಲ ಸಮುದಾಯವಾದ ಲಿಂಗಾಯತರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಮಾತು ಹಟವಾಗಿ, ಹಟ ಹಗೆಯಾಗಿ, 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಲ್ಲಿ ಮುಗಿಯಿತು. ಎಂ. ವೀರಪ್ಪ ಮೊಯಿಲಿ ಆಗ ಮುಖ್ಯಮಂತ್ರಿ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದು ಮೂರು ವರ್ಷವಷ್ಟೇ ಆಗಿತ್ತು.

ಕೊಲೆಗೆ ಮೈಸೂರು ಸೀಮೆಯ ದಲಿತ ಸಂಘಟನೆಗಳು ಬೀದಿಗಿಳಿದು ಪ್ರತಿಭಟಿಸಿದವು. ನ್ಯಾಯಾಲಯದ ದಾರಿ ಮಾತ್ರ ಉದ್ದವಾಯಿತು. ವಿಚಾರಣಾ ನ್ಯಾಯಾಲಯ ಆರೋಪಿಗಳಲ್ಲಿ ಅನೇಕರನ್ನು ತಪ್ಪಿತಸ್ಥರೆಂದು ಹೇಳಿ ಜೀವಾವಧಿ ಶಿಕ್ಷೆ ವಿಧಿಸುವ ಹೊತ್ತಿಗೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಸರಿದಿತ್ತು. ಕೊಲೆಯಾದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಹೈಸ್ಕೂಲು ಮುಟ್ಟಿರುತ್ತದೆ. ಈ ಅವಧಿಯಲ್ಲಿ ಎರಡೂ ಕಡೆಯವರು ಅದೇ ಊರಿನಲ್ಲಿ ಬಾಳಬೇಕಿತ್ತು. ಅವರು ಕಂಡುಕೊಂಡ ಉಪಾಯ ಒಬ್ಬರ ಮುಖ ಒಬ್ಬರು ನೋಡದಿರುವುದು. ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ದಾರಿಯನ್ನು ಬಳಸುವುದು ನಿಂತುಹೋಯಿತು.

ಹಿಂಸೆಯ ಸ್ವರೂಪ

ಬದನವಾಳನ್ನು ಒಂಟಿ ಘಟನೆಯಾಗಿ ನೋಡುವಂತಿಲ್ಲ. ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು ಕೂಲಿ ಹೆಚ್ಚಳ ಕೇಳಿದ ದಲಿತ ಕುಟುಂಬಗಳ 44 ಮಂದಿಯನ್ನು ಸುಟ್ಟು ಕೊಂದರು. ಆಂಧ್ರದ ಕಾರಂಚೇಡು (1985), ಚುಂಡೂರು (1991) ಹತ್ಯೆಗಳು ಕನ್ನಡ ದಲಿತ ಚಳವಳಿಯ ಮಾತಿನಲ್ಲಿ ಇಂದಿಗೂ ಬರುತ್ತವೆ. ಕರ್ನಾಟಕದಲ್ಲಿ 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ ಘಟನೆ ನಾಡನ್ನು ತಲೆತಗ್ಗಿಸುವಂತೆ ಮಾಡಿತು. ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಮನೆಯೊಳಗಿದ್ದ ಏಳು ದಲಿತರನ್ನು ಬೆಂಕಿ ಹಚ್ಚಿ ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ಬಿದ್ದು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು; 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಇವರಲ್ಲಿ ಹೆಚ್ಚಿನವರಿಗೆ ಜಾಮೀನು ದೊರೆಯಿತು.

ಈ ಘಟನೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೇರಿ ತೀರಾ ಬಡವಾಗಿ, ಜೀತಕ್ಕೆ ಬಿದ್ದು, ಬಾಯಿ ಮುಚ್ಚಿಕೊಂಡಿದ್ದಾಗ ಇಂಥ ಸಾಮೂಹಿಕ ದಾಳಿ ಅಪರೂಪ. ಆಗಿನ ದೌರ್ಜನ್ಯ ದಿನನಿತ್ಯದ್ದು, ಸದ್ದಿಲ್ಲದ್ದು. ಕೇರಿಯ ಹುಡುಗ ಓದಿ ನೌಕರಿ ಹಿಡಿದಾಗ, ಪಂಚಾಯಿತಿಯಲ್ಲಿ ಮೀಸಲು ಸ್ಥಾನ ಬಂದಾಗ, ಕೂಲಿಯ ದರ ಕೇಳಿದಾಗ, ಹೋಟೆಲಿನಲ್ಲಿ ಅದೇ ಲೋಟ ಬೇಕೆಂದಾಗ, ಗುಡಿಯ ಮೆಟ್ಟಿಲು ಹತ್ತಿದಾಗ ಕೊಡಲಿ, ಸೀಮೆಎಣ್ಣೆ ಹೊರಬರುತ್ತವೆ. ಕಾರಣ ಎಷ್ಟೋ ಬಾರಿ ಕ್ಷುಲ್ಲಕ. ಮರಕುಂಬಿಯಲ್ಲಿ ಜಗಳ ಶುರುವಾದದ್ದು ಸಿನಿಮಾ ಟಾಕೀಸಿನಲ್ಲಿ.

ದಾಳಿಯಷ್ಟೇ ಬಿರುಸಾದ ಇನ್ನೊಂದು ಅಸ್ತ್ರ ಬಹಿಷ್ಕಾರ. ಅಂಗಡಿಯವನು ಸಾಮಾನು ಕೊಡುವುದಿಲ್ಲ, ಜಮೀನಿನವನು ಕೂಲಿಗೆ ಕರೆಯುವುದಿಲ್ಲ, ಗಿರಣಿಯಲ್ಲಿ ರಾಗಿ ಬೀಸುವುದಿಲ್ಲ, ಮಾತನಾಡಿದವರಿಗೆ ದಂಡ. ಬಹಿಷ್ಕಾರದಲ್ಲಿ ರಕ್ತ ಕಾಣದು, ಆದರೆ ಸ್ವಂತ ಹೊಲವಿಲ್ಲದ ಮನೆಯ ಒಲೆ ವಾರದೊಳಗೆ ಆರುತ್ತದೆ.

ಸಂಘಟನೆಯ ಉತ್ತರ

ಮೈಸೂರು ನಗರ ಕನ್ನಡ ದಲಿತ ಚಳವಳಿಯ ತವರುಗಳಲ್ಲಿ ಒಂದು. 1973ರ ನವೆಂಬರಿನಲ್ಲಿ ಇಲ್ಲಿ ನಡೆದ ಸಮಾರಂಭವೊಂದರಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು 'ಬೂಸಾ' ಎಂಬ ಅರ್ಥದ ಮಾತಾಡಿದರು. ಜಾತಿ ಸಿಟ್ಟು ಕನ್ನಡಾಭಿಮಾನದ ಹೆಸರು ಹೊತ್ತು ಬೀದಿಗೆ ಬಂತು. ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಡಬೇಕಾಯಿತು. ಏಟು ತಿಂದ ಆ ಪೀಳಿಗೆಯೇ ಮುಂದೆ ಚಳವಳಿಯ ಬೆನ್ನೆಲುಬಾಯಿತು. ಮೈಸೂರಿನಿಂದ 'ಪಂಚಮ' ಪತ್ರಿಕೆ ಹೊರಟಿತು. ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ 1970ರ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದ ಲೇಖಕರು ಅದರ ಆರಂಭದ ಜೊತೆಗಾರರು.

ಜನರ ಬಾಯಲ್ಲಿ ಡಿಎಸ್‌ಎಸ್ ಅಥವಾ ದಸಂಸ ಎನಿಸಿಕೊಂಡ ಈ ಸಮಿತಿ ಹಿಂಸೆಗೆ ಪ್ರತಿಹಿಂಸೆಯ ದಾರಿ ಹಿಡಿಯಲಿಲ್ಲ. ದೌರ್ಜನ್ಯ ನಡೆದ ಊರಿಗೆ ಕಾರ್ಯಕರ್ತರು ಹೋಗುವುದು, ಕೇರಿಯಲ್ಲೇ ಉಳಿದು ಧೈರ್ಯ ಹೇಳುವುದು, ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗುವವರೆಗೆ ಕದಲದಿರುವುದು, ಜಿಲ್ಲಾಧಿಕಾರಿ ಕಚೇರಿಗೆ ಜಾಥಾ, ತಮಟೆಯ ಮೇಲೆ ಹೋರಾಟದ ಹಾಡು, ಇವು ಅದರ ವಿಧಾನ. ಊರಹಬ್ಬದಲ್ಲಿ ಬಿಟ್ಟಿಗೆ ಬಡಿಯುತ್ತಿದ್ದ ತಮಟೆ ಮೆರವಣಿಗೆಯ ಮುಂದೆ ಬಂದದ್ದು ಈ ಚಳವಳಿಯ ದೊಡ್ಡ ಪಲ್ಲಟ. ಭೂಮಿ, ಗೋಮಾಳ, ಹಾಸ್ಟೆಲು ಇವೂ ಅದರ ಬೇಡಿಕೆಗಳಾದವು. ಬಹಿಷ್ಕಾರಕ್ಕೆ ಮದ್ದು ಸ್ವಂತ ತುಂಡು ಭೂಮಿ ಎಂಬುದನ್ನು ಅನುಭವ ಕಲಿಸಿತ್ತು. ಮಂಜೂರಾದ ಜಮೀನು ಕೈತಪ್ಪದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯನ್ನು ದಲಿತರು ಇಂದಿಗೂ ಗುರಾಣಿಯಂತೆ ಹಿಡಿದಿರುವುದು ಇದೇ ಕಾರಣಕ್ಕೆ. ಮುಂದೆ ಸಮಿತಿ ಹಲವು ಬಣಗಳಾಗಿ ಒಡೆದು ಅದರ ಕಸುವು ಕುಗ್ಗಿತು.

ಚುನಾವಣೆಯ ದಾರಿಯಲ್ಲೂ ಈ ಸೀಮೆಯ ದಲಿತರು ಗಟ್ಟಿ ಹೆಜ್ಜೆ ಇಟ್ಟಿದ್ದಾರೆ. ಚಾಮರಾಜನಗರ ಲೋಕಸಭಾ ಕ್ಷೇತ್ರ, ನಂಜನಗೂಡು ಮತ್ತು ತಿ. ನರಸೀಪುರ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ಬಿ. ರಾಚಯ್ಯ, ವಿ. ಶ್ರೀನಿವಾಸ ಪ್ರಸಾದ್, ಎಚ್.ಸಿ. ಮಹದೇವಪ್ಪ ಈ ಭಾಗದಿಂದ ಬಂದು ಅಧಿಕಾರದ ಎತ್ತರ ಮುಟ್ಟಿದ ನಾಯಕರು. ಮಂತ್ರಿ ಪದವಿ ಸಿಕ್ಕಷ್ಟು ಸಲೀಸಾಗಿ ಊರಗುಡಿಯ ಪ್ರವೇಶ ಸಿಗಲಿಲ್ಲ.

ಸಾಹಿತ್ಯದಲ್ಲಿ

ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ 'ಕುಸುಮಬಾಲೆ' (1984) ಜಾತಿ ಹಿಂಸೆಯ ಬಗ್ಗೆ ಈ ನೆಲ ಕೊಟ್ಟ ಅತ್ಯಂತ ಆಳವಾದ ಸಾಕ್ಷ್ಯ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚೆನ್ನನ ಕೊಲೆ ಅದರ ನಡುವಿದೆ. ನಂಜನಗೂಡು ಸೀಮೆಯ ಆಡುಮಾತನ್ನೇ ಕಾವ್ಯವಾಗಿಸಿದ ಈ ಕಿರುಕಾದಂಬರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; ಮೂರು ವರ್ಷದೊಳಗೆ ಲೇಖಕರ ತಾಲ್ಲೂಕಿನಲ್ಲೇ ಬದನವಾಳಿನ ಕೊಲೆಗಳು ನಡೆದವು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಸಂಕಲನದ ಪದ್ಯಗಳು ಅಚ್ಚಿನಿಂದ ಜಾಥಾಗಳಿಗೆ ಇಳಿದವು. ಅರವಿಂದ ಮಾಲಗತ್ತಿಯವರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ' ದಿನನಿತ್ಯದ ಅವಮಾನವನ್ನು ದಾಖಲೆಯಾಗಿಸಿತು. ಕಂಬಾಲಪಲ್ಲಿಯ ಸಾಕ್ಷಿಗಳು ನ್ಯಾಯಾಲಯದಲ್ಲಿ ಹೇಳಲಾರದ್ದನ್ನು ಸಾಹಿತ್ಯ ಹೇಳಿತೆನ್ನಬಹುದು. ಶಿಕ್ಷೆ ಕೊಡುವ ಅಧಿಕಾರ ಅದಕ್ಕಿರಲಿಲ್ಲ.

ಕಾನೂನು

1989ರ ದೌರ್ಜನ್ಯ ತಡೆ ಕಾಯ್ದೆ 1990ರ ಜನವರಿ 30ರಿಂದ ಜಾರಿಯಲ್ಲಿದೆ. ಮಲ ತಿನ್ನಿಸುವುದು, ಬೆತ್ತಲೆ ಮೆರವಣಿಗೆ, ನೀರಿನ ಮೂಲ ಕೆಡಿಸುವುದು, ಭೂಮಿ ಕಬಳಿಸುವುದು, ದಾರಿ ತಡೆಯುವುದು ಇಂಥ ಕೃತ್ಯಗಳನ್ನು ಅದು ಬಿಡಿಬಿಡಿಯಾಗಿ ಹೆಸರಿಸುತ್ತದೆ. ಈ ಪಟ್ಟಿ ಓದಿದರೆ ಭಾರತದ ಹಳ್ಳಿಯಲ್ಲಿ ಕೇರಿ ಏನೇನು ಸಹಿಸಿತು ಎಂಬುದರ ಚರಿತ್ರೆಯೇ ಸಿಗುತ್ತದೆ. ನಿರೀಕ್ಷಣಾ ಜಾಮೀನಿಗೆ ಅವಕಾಶವಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಂದ ನಡೆಯುವಂತಿಲ್ಲ. ಕರ್ತವ್ಯಲೋಪ ಎಸಗಿದ ಅಧಿಕಾರಿಗೂ ಶಿಕ್ಷೆಯಿದೆ. 2016ರ ಜನವರಿ 26ರಂದು ಜಾರಿಗೆ ಬಂದ ತಿದ್ದುಪಡಿ ಸಾಮಾಜಿಕ ಬಹಿಷ್ಕಾರವನ್ನೂ ಅಪರಾಧಗಳ ಸಾಲಿಗೆ ಸೇರಿಸಿ, ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟಿತು. ಕಂಬಾಲಪಲ್ಲಿಯಂಥ ಪ್ರಕರಣಗಳು ಬಿದ್ದುಹೋದದ್ದು ಇದರ ಕೊರತೆಯಿಂದಲೇ.

2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯಡಿ ಕೂಡಲೇ ಬಂಧಿಸುವುದಕ್ಕೆ ನಿರ್ಬಂಧ ಹಾಕಿತು. ಏಪ್ರಿಲ್ 2ರಂದು ದಲಿತರು ದೇಶದಾದ್ಯಂತ ಬಂದ್ ನಡೆಸಿದರು. ಸಂಸತ್ತು 18ಎ ಕಲಂ ಸೇರಿಸಿ ಕಾಯ್ದೆಯ ಹಳೆಯ ಬಲವನ್ನು ಮರಳಿಸಿತು. ಕರ್ನಾಟಕದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇಂಥ ಪ್ರಕರಣಗಳ ಮೇಲೆ ಕಣ್ಣಿಡುತ್ತದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 17.15, ಅಂದರೆ ಒಂದು ಕೋಟಿಗೂ ಹೆಚ್ಚು.

ಹೊರನಾಡಿನ ಹೋಲಿಕೆ

ಒಂದು ಸಮುದಾಯವನ್ನು ಗುರುತು ಹಿಡಿದು ಹೊಡೆಯುವ ಹಿಂಸೆಗೆ ನಮ್ಮ ಕಾಲದ ಕ್ರೂರ ಉದಾಹರಣೆ ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನದ ಹಜಾರಾ ಜನರದು. ಬಹುಪಾಲು ಶಿಯಾ ಪಂಥದ ಇವರು ಮುಖಚಹರೆಯಿಂದಲೇ ಗುರುತು ಸಿಗುತ್ತಾರೆ. ಕ್ವೆಟ್ಟಾದ ಆಲಂದಾರ್ ರಸ್ತೆಯಲ್ಲಿ 2013ರ ಜನವರಿ 10ರಂದು ಉಗ್ರರು ಬಾಂಬಿಟ್ಟಾಗ, ಸತ್ತವರ ಬಂಧುಗಳು ಕೊರೆವ ಚಳಿಯಲ್ಲಿ ಶವಗಳನ್ನು ಮುಂದಿಟ್ಟುಕೊಂಡು ದಫನು ಮಾಡದೆ ದಿನಗಟ್ಟಲೆ ಕೂತರು. ಕೊನೆಗೆ ಬಲೂಚಿಸ್ತಾನದ ಪ್ರಾಂತ ಸರ್ಕಾರವೇ ವಜಾ ಆಯಿತು. ಕಾಬೂಲಿನ ಕಾಜ್ ಶಿಕ್ಷಣ ಕೇಂದ್ರದಲ್ಲಿ 2022ರ ಸೆಪ್ಟೆಂಬರ್ 30ರಂದು ಪ್ರವೇಶ ಪರೀಕ್ಷೆಯ ತಾಲೀಮಿಗೆ ಕೂತಿದ್ದ ಹಜಾರಾ ಹೆಣ್ಣುಮಕ್ಕಳು ಬಲಿಯಾದರು. ಮರುದಿನವೇ ಹೆಂಗಸರು ಬೀದಿಗೆ ಬಂದರು.

ವ್ಯತ್ಯಾಸ ದೊಡ್ಡದು. ಅಲ್ಲಿ ಕೊಲ್ಲುವುದು ಲಷ್ಕರ್-ಎ-ಝಂಗ್ವಿಯಂಥ ಶಸ್ತ್ರಧಾರಿ ಸಂಘಟನೆ. ಇಲ್ಲಿ ಕೊಂದವರಿಗೆ ಸಂಘಟನೆಯ ಹೆಸರಿಲ್ಲ. ಅವರು ಪಕ್ಕದ ಬೀದಿಯವರು. ಆದರೆ ಪರಿಣಾಮದಲ್ಲಿ ಒಂದು ಹೋಲಿಕೆಯಿದೆ. ಕ್ವೆಟ್ಟಾದ ಹಜಾರಾಗಳು ಮಾರಿಯಾಬಾದ್ ಮತ್ತು ಹಜಾರಾ ಟೌನ್ ಎಂಬ ಎರಡು ಬಡಾವಣೆಗಳಲ್ಲಿ, ತಪಾಸಣಾ ಠಾಣೆಗಳ ಹಿಂದೆ ಬದುಕುತ್ತಾರೆ. ರಕ್ಷಣೆಗೆಂದು ಬಂದ ಕಾವಲೇ ಅವರಿಗೆ ಸೆರೆಯೂ ಆಯಿತು. ಬದನವಾಳಿನಲ್ಲಿ ಶಾಂತಿಗೆಂದು ಬಿಟ್ಟ ದಾರಿಯೂ ಅದನ್ನೇ ಮಾಡಿತು.

ದಾರಿ ಮತ್ತೆ ತೆರೆದದ್ದು

ಎರಡು ಬಾರಿ ಬದನವಾಳು ಮತ್ತೆ ಸುದ್ದಿಗೆ ಬಂತು. ಪಾಳುಬಿದ್ದಿದ್ದ ಖಾದಿ ಕೇಂದ್ರದ ಅಂಗಳದಲ್ಲಿ 2015ರಲ್ಲಿ ರಂಗಕರ್ಮಿ ಪ್ರಸನ್ನ 'ಸುಸ್ಥಿರ ಬದುಕಿಗಾಗಿ ಬದನವಾಳು ಸತ್ಯಾಗ್ರಹ' ನಡೆಸಿದರು. ಏಪ್ರಿಲಿನ ಸಮಾವೇಶಕ್ಕೆ ನಾಡಿನ ಹಲವೆಡೆಯಿಂದ ಜನ ಬಂದರು. 2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಖಾದಿ ಕೇಂದ್ರದ ಪ್ರಾರ್ಥನೆಯಲ್ಲಿ ಭಾಗವಹಿಸಿದರು. 1993ರಿಂದ ಬಳಕೆ ತಪ್ಪಿದ್ದ ದಾರಿಗೆ ಅಂದು ಕಲ್ಲುಹಾಸು ಹಾಕಿದರು. ಎರಡೂ ಸಮುದಾಯಗಳ ಜನ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ರಾಜಕೀಯ ಯಾತ್ರೆಯೊಂದರ ಕಾರ್ಯಕ್ರಮ ಎಂದು ಇದನ್ನು ಬದಿಗೆ ಸರಿಸುವವರೂ ಇದ್ದಾರೆ. ದಾರಿ ತೆರೆಯಲು ಹೊರಗಿನ ದೊಡ್ಡವರೊಬ್ಬರು ಬರಬೇಕಾಯಿತು ಎಂಬುದು ನಿಜ. ಅದರ ಮೇಲೆ ಒಟ್ಟಿಗೆ ಹೆಜ್ಜೆ ಹಾಕಲು ಒಪ್ಪಿದವರು ಊರಿನವರೇ ಎಂಬುದೂ ನಿಜ.

ಪ್ರಸ್ತುತ ಸ್ಥಿತಿ

ಅಕ್ಕಪಕ್ಕದ ಸೀಮೆಯಲ್ಲಿ ಗಾಯ ಇನ್ನೂ ಹಸಿ. 2019ರ ಜೂನಿನಲ್ಲಿ ಗುಂಡ್ಲುಪೇಟೆ ಬಳಿ ದೇವಸ್ಥಾನದ ಹತ್ತಿರ ಸಿಕ್ಕ ದಲಿತ ಯುವಕನೊಬ್ಬನನ್ನು ಬೆತ್ತಲೆ ಮೆರವಣಿಗೆ ಮಾಡಿದರು. ಬದನವಾಳಿನ ದಾರಿ ತೆರೆದ ಮರುತಿಂಗಳೇ, 2022ರ ನವೆಂಬರಿನಲ್ಲಿ, ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ಊರಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗಂಜಲದಿಂದ ತೊಳೆದರು. ಸುದ್ದಿ ಹಬ್ಬಿದ ಮೇಲೆ ತಹಶೀಲ್ದಾರರು ಕೇರಿಯ ಯುವಕರನ್ನು ಜೊತೆಗೆ ಕರೆದುಕೊಂಡು ಊರಿನ ತೊಂಬೆಗಳ ಬಳಿಗೆ ಹೋಗಿ ನೀರು ಕುಡಿಸಿದರು. ಈ ಸೀಮೆಯ ಹೊರಗೆ, ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಬಾಲಕನ ಕುಟುಂಬಕ್ಕೆ ಅದೇ ವರ್ಷ 60,000 ರೂಪಾಯಿ ದಂಡ ಹಾಕಿದಾಗ, ಆ ಮನೆಯವರು ಗೋಡೆಯ ದೇವರ ಪಟ ತೆಗೆದು ಅಂಬೇಡ್ಕರ್ ಪಟ ತೂಗುಹಾಕಿದರು. ಇನ್ನೊಂದೆಡೆ ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹಗಳಲ್ಲಿ ಅಂತರ್ಜಾತಿ ಜೋಡಿಗಳೂ ಹಸೆಗೇರುತ್ತಿವೆ.

1927ರಲ್ಲಿ ಮಹಾಡ್‌ನ ಕೆರೆ ಮುಟ್ಟಿದ ಮೇಲೆ ಅದನ್ನು ಸಗಣಿ ಗಂಜಲದಿಂದ ಶುದ್ಧ ಮಾಡಿದ್ದರು. ಹೆಗ್ಗೊಠಾರದಲ್ಲೂ ಅದೇ ಗಂಜಲ. ಬದಲಾದದ್ದು ಅದರ ನಂತರದ ಹೆಜ್ಜೆ: ಈ ಬಾರಿ ನೀರು ಕುಡಿಯಲು ಹೊರಟವರ ಜೊತೆ ತಾಲ್ಲೂಕು ದಂಡಾಧಿಕಾರಿ ನಡೆದರು. ತೊಂಬತ್ತೈದು ವರ್ಷಗಳಲ್ಲಿ ಕೇರಿ ಗಳಿಸಿದ್ದೂ ಅಷ್ಟು, ಇನ್ನೂ ಗಳಿಸಬೇಕಾದದ್ದೂ ಅಲ್ಲೇ ಇದೆ: ಜೊತೆಗೆ ಅಧಿಕಾರಿ ಇಲ್ಲದ ದಿನವೂ ಆ ನಲ್ಲಿ ತಿರುಗಿಸಬಲ್ಲ ನೆಮ್ಮದಿ.